ಕಾಡುಹಂದಿಯನ್ನು ಮಾಂಸಕ್ಕಾಗಿ ಸಾಕುವುದು: ಮೇವಿನಿಂದ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ?

ಹೊಸಬ:

ಎಲ್ಲರಿಗೂ ನಮಸ್ಕಾರ. ಏಳು ವರ್ಷಗಳಿಂದ ಬಿಳಿ ಹಂದಿಗಳನ್ನು ಸಾಕುತ್ತಿರುವ ನಾನು ಈಗ ಕಾಡುಹಂದಿ ಸಾಕಣೆಗೆ ಕೈ ಹಾಕಬೇಕೆಂದಿದ್ದೇನೆ. ನಾನಿರುವ ದೇಶದಲ್ಲಿ ಪರವಾನಗಿ ಪಡೆದು, ನೋಂದಾಯಿತ ಸಾಕಣೆಯಿಂದ ತಂದ ಪ್ರಾಣಿಗಳನ್ನು ಸಾಕಲು ಅವಕಾಶವಿದೆ. ಐದು ಹೆಣ್ಣು ಮತ್ತು ಒಂದು ಗಂಡನ್ನು ಗೊತ್ತುಮಾಡಿಟ್ಟಿದ್ದೇನೆ. ಬಿಳಿ ಹಂದಿಗೆ ಹಾಕುವ ಮೇವನ್ನೇ ಇವಕ್ಕೂ ಹಾಕಿದರೆ ತೂಕ ಬೇಗ ಬಂದೀತೆಂದು ಲೆಕ್ಕ ಹಾಕಿದ್ದೆ, ಆದರೆ ವಿಚಾರಿಸಿದವರೆಲ್ಲ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಿರುವುದರಿಂದ ಗೊಂದಲವಾಗಿದೆ.

ಇನ್ನೊಂದು ಸಂಗತಿಯನ್ನೂ ಕೇಳಬೇಕಿದೆ. ನನಗೆ ಪರಿಚಯವಿರುವ ರೈತರೊಬ್ಬರು ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಅನುಮತಿ ಪಡೆದು ಬೋನಿನಲ್ಲಿ ಹಿಡಿದು, ಆರು ವಾರ ದೊಡ್ಡಿಯಲ್ಲಿ ಕೂಡಿಹಾಕಿ ಬರೀ ಮೆಕ್ಕೆಜೋಳ ತಿನ್ನಿಸುತ್ತಾರೆ. ಅಷ್ಟು ದಿನದಲ್ಲಿ ಕಾಡಿನ ಕೊಳೆಯೆಲ್ಲ ಮೈಯಿಂದ ಇಳಿದುಹೋಗಿ ಮಾಂಸ ಶುದ್ಧವಾಗುತ್ತದೆ, ಮರಿ ಹಾಕಿಸಿ ಬೆಳೆಸುವ ತಾಪತ್ರಯವೇ ಇರುವುದಿಲ್ಲ ಎಂಬುದು ಅವರ ವಾದ. ಅವರ ಮನೆಯಲ್ಲಿ ನಾನೂ ಒಮ್ಮೆ ಊಟ ಮಾಡಿದ್ದೇನೆ. ರುಚಿಯ ಬಗ್ಗೆ ತಕರಾರಿಲ್ಲ. ಹಾಗಿದ್ದರೆ ನಾನು ಒಂದೂವರೆ ವರ್ಷ ಕಾಯುವುದೇಕೆ ಎಂಬ ಪ್ರಶ್ನೆ ಎದ್ದಿದೆ.

ಹಳೆಯ ಸಾಕಣೆದಾರ:

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಎರಡನೆಯದಕ್ಕೆ ವೈದ್ಯರು ಬರಲಿ.

ಬಿಳಿ ಹಂದಿಯ ಲೆಕ್ಕವನ್ನು ಇಲ್ಲಿ ಪೂರ್ತಿ ಮರೆಯಬೇಕು. ಒಳ್ಳೆಯ ತಳಿಯ ಬಿಳಿ ಹಂದಿ ಆರು ತಿಂಗಳೊಳಗೆ ನೂರು ಕಿಲೋ ಮುಟ್ಟುತ್ತದೆ. ಕಾಡುಹಂದಿಗೆ 60ರಿಂದ 80 ಕಿಲೋ ಬರುವಷ್ಟರಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳು ಕಳೆದಿರುತ್ತದೆ. ಇದು ಮೇವಿನ ಕೊರತೆಯಿಂದ ಆಗುವುದಲ್ಲ, ಪ್ರಾಣಿ ಇರುವುದೇ ಹಾಗೆ. ವೇಗವಾಗಿ ಮಾಂಸ ಕಟ್ಟುವ ಗುಣವನ್ನು ಮನುಷ್ಯರು ಎಷ್ಟೋ ತಲೆಮಾರು ಆರಿಸಿ ಆರಿಸಿ ಸಾಕುಹಂದಿಯಲ್ಲಿ ತಂದರು, ಕಾಡುಹಂದಿಯಲ್ಲಿ ಆ ಆಯ್ಕೆ ನಡೆದೇ ಇಲ್ಲ. ನೀವು ಶೇಕಡಾ 18ರಷ್ಟು ಪ್ರೋಟೀನ್ ಇರುವ ದುಬಾರಿ ಮೇವು ಹಾಕಿದರೆ ಅದರ ಮೈ ಆ ಪ್ರೋಟೀನನ್ನು ಮಾಂಸವಾಗಿಸಲಾರದೆ ಮೂತ್ರದಲ್ಲಿ ಹೊರಹಾಕುತ್ತದೆ, ಮೇವಿನ ಜೊತೆಗೆ ಬಂದ ಹೆಚ್ಚಿನ ಶಕ್ತಿಯನ್ನು ಬೆನ್ನಿನ ಕೊಬ್ಬಾಗಿ ಕೂಡಿಡುತ್ತದೆ. ಕಾಡುಹಂದಿಯ ಮಾಂಸವನ್ನು ಹುಡುಕಿಕೊಂಡು ಬರುವವರು ಅದರಲ್ಲಿ ಕೊಬ್ಬು ಕಡಿಮೆ ಎಂದೇ ಬರುತ್ತಾರೆ, ಹಾಗಾಗಿ ಎರಡು ಬೆರಳು ದಪ್ಪದ ಬೆನ್ನುಕೊಬ್ಬಿರುವ ಕಾಡುಹಂದಿಯನ್ನು ಅವರ ಮುಂದಿಡುವುದು ನಮಗೆ ನಾವೇ ಮಾಡಿಕೊಂಡ ನಷ್ಟ. ನಾನು ಮೊದಲ ಎರಡು ವರ್ಷ ಇದೇ ತಪ್ಪು ಮಾಡಿದೆ.

ಈಗ ನಾನು ಬೆಳೆಯುವ ಹಂದಿಗಳಿಗೆ ಹಾಕುವ ನೂರು ಕಿಲೋ ಮಿಶ್ರಣದಲ್ಲಿ ಮೆಕ್ಕೆಜೋಳ 65 ಕಿಲೋ, ಗೋಧಿ ಬೂಸಾ 25 ಕಿಲೋ, ಸೋಯಾ ಹಿಂಡಿ 8 ಕಿಲೋ, ಉಳಿದ 2 ಕಿಲೋ ಖನಿಜ ಮಿಶ್ರಣ, ಸುಣ್ಣದ ಪುಡಿ ಮತ್ತು ಉಪ್ಪು ಇರುತ್ತದೆ. ಪ್ರೋಟೀನ್ ಸುಮಾರು ಶೇಕಡಾ 13 ಬರುತ್ತದೆ, ಅಷ್ಟು ಸಾಕು. ದೊಡ್ಡ ಹಂದಿಯೊಂದಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋದಷ್ಟು ಈ ಮಿಶ್ರಣ. ಹೊಟ್ಟೆ ತುಂಬುವ ಉಳಿದ ಭಾಗ ಹಸಿರು ಹುಲ್ಲು, ಗೆಡ್ಡೆಗಳು, ಉದುರಿದ ಹಣ್ಣು, ಒಣಹುಲ್ಲುಗಳಿಂದ ಆಗಬೇಕು. ತಾಯಿಹಂದಿ ಹಾಲೂಡುವ ದಿನಗಳಲ್ಲಿ ಮಾತ್ರ ಕೈ ಬಿಗಿಹಿಡಿಯಬಾರದು. ಬರೀ ಮೆಕ್ಕೆಜೋಳ ಹಾಕುವವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ಪ್ರೋಟೀನೇ ಶೇಕಡಾ ಎಂಟೊಂಬತ್ತು, ಅದರಲ್ಲೂ ಮಾಂಸ ಕಟ್ಟಲು ಬೇಕಾದ ಲೈಸಿನ್ ತೀರಾ ಕಡಿಮೆ. ಹೀಗಾಗಿ ಮೆಕ್ಕೆಜೋಳದಿಂದಲೇ ಬೆಳೆದ ಹಂದಿಯ ತಕ್ಕಡಿ ತೂಕ ಏರುತ್ತಿದ್ದರೂ ಏರುವುದು ಬಹುಪಾಲು ಕೊಬ್ಬು.

ಹಾಕುವ ರೀತಿಯೂ ಮುಖ್ಯ. ಒಂದೇ ಬಾನಿಯಲ್ಲಿ ಸುರಿದರೆ ಹಿಂಡಿನ ಯಜಮಾನಿ ಹಂದಿ ಮತ್ತು ಅದರ ಮಕ್ಕಳು ತಿಂದು ಮುಗಿಸುವ ತನಕ ಉಳಿದವು ದೂರ ನಿಂತು ನೋಡುತ್ತವೆ, ಆರು ತಿಂಗಳಲ್ಲಿ ಒಂದೇ ವಯಸ್ಸಿನ ಎರಡು ಮರಿಗಳ ನಡುವೆ ಹದಿನೈದು ಕಿಲೋ ವ್ಯತ್ಯಾಸ ಬಂದಿರುತ್ತದೆ. ನಾನು ಗಟ್ಟಿ ನೆಲದ ಮೇಲೆ ಉದ್ದನೆಯ ಸಾಲಾಗಿ ಚೆಲ್ಲುತ್ತೇನೆ. ಜೊತೆಗೆ ದಿನವೂ ಅದೇ ಹೊತ್ತಿಗೆ, ಹಿಡಿಯುವ ದೊಡ್ಡಿಯೊಳಗೇ, ಬಕೆಟ್ಟಿನ ತಳ ಬಡಿದು ಹಾಕುತ್ತೇನೆ. ಔಷಧಿ ಕೊಡುವ ದಿನ ಬಂದಾಗ ಯಾವುದನ್ನೂ ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ, ಬಕೆಟ್ ಬಡಿದು ಬಾಗಿಲು ಹಾಕಿದರಾಯಿತು.

ಕೊಡಬಾರದವುಗಳಲ್ಲಿ ಬೂಷ್ಟು ಹಿಡಿದ ಕಾಳು ಮೊದಲನೆಯದು. ಅದರಲ್ಲಿರುವ ಜಿಯರಲಿನೋನ್ ಎಂಬ ವಿಷ ಹೆಣ್ಣುಹಂದಿಯ ಗರ್ಭಕೋಶದ ಮೇಲೆ ಹಾರ್ಮೋನಿನಂತೆ ವರ್ತಿಸಿ ಬೆದೆಯ ಲೆಕ್ಕವನ್ನೇ ಕೆಡಿಸುತ್ತದೆ. ಹುರಿಯದ ಸೋಯಾ ಕಾಳು, ಹಸಿರುಗಟ್ಟಿದ ಆಲೂಗಡ್ಡೆ, ಹತ್ತಿಬೀಜದ ಹಿಂಡಿ ಇವೂ ಬೇಡ. ದನಕ್ಕೆ ಸಲ್ಲುವ ಹತ್ತಿಬೀಜದ ಹಿಂಡಿ ಹಂದಿಗೆ ಸಲ್ಲುವುದಿಲ್ಲ, ಅದರಲ್ಲಿರುವ ಗಾಸಿಪಾಲ್ ಎಂಬ ವಿಷ ಹಂದಿಯ ಹೃದಯಕ್ಕೆ ಪೆಟ್ಟು ಕೊಡುತ್ತದೆ.

ಪಶುವೈದ್ಯ:

ಆರು ವಾರದ ಮೆಕ್ಕೆಜೋಳದ ಕಥೆಯನ್ನು ನಾನು ವೃತ್ತಿಗೆ ಬಂದ ದಿನದಿಂದ ಕೇಳುತ್ತಿದ್ದೇನೆ. ಅದರಲ್ಲಿ ಒಂದು ಪಾಲು ನಿಜ ಇರುವುದರಿಂದಲೇ ಉಳಿದ ಪಾಲು ಅಪಾಯಕಾರಿಯಾಗಿದೆ.

ನಿಜವಾದ ಪಾಲು ಕೊಬ್ಬಿನದು. ಹಂದಿ ಮೆಲುಕು ಹಾಕುವ ಪ್ರಾಣಿಯಲ್ಲ, ಆದ್ದರಿಂದ ಅದು ತಿಂದ ಎಣ್ಣೆಯಂಶ ಹೆಚ್ಚು ಮಾರ್ಪಡದೆ ಅದರ ಕೊಬ್ಬಿಗೆ ಸೇರುತ್ತದೆ. ಮೀನಿನ ತ್ಯಾಜ್ಯ ತಿಂದ ಹಂದಿಯ ಕೊಬ್ಬು ಮೀನು ನಾರುತ್ತದೆ, ಕಡಲೆಕಾಯಿ ತಿಂದದ್ದು ಮೆತ್ತಗೆ ಜಿಡ್ಡಾಗುತ್ತದೆ. ಸ್ಪೇನ್ ದೇಶದ ಐಬೀರಿಯನ್ ಹಂದಿಗಳನ್ನು ವಧೆಗೆ ಮುಂಚಿನ ಕೆಲವು ತಿಂಗಳು ಓಕ್ ಮರದ ಕಾಯಿ ಮೇಯಲು ಬಿಡುವುದು ಇದೇ ಕಾರಣಕ್ಕೆ. ಹಿಡಿದ ಕಾಡುಹಂದಿಗೆ ಆರು ವಾರ ಕಾಳು ಹಾಕಿದರೆ ಕೊಬ್ಬು ಗಟ್ಟಿಯಾಗಿ ವಾಸನೆ ಕಡಿಮೆಯಾಗುವುದು ಸಹಜ. ಹೊಸಬರೇ, ನಿಮ್ಮ ನಾಲಿಗೆ ನಿಮಗೆ ಸುಳ್ಳು ಹೇಳಿಲ್ಲ.

ಆದರೆ ರುಚಿ ಸುಧಾರಿಸಿತೆಂದರೆ ರೋಗ ಹೋಯಿತೆಂದು ಅರ್ಥವಲ್ಲ. ಟ್ರಿಕಿನೆಲ್ಲ ಎಂಬ ಹುಳುವಿನ ಮರಿಗಳು ಸ್ನಾಯುವಿನೊಳಗೆ ಗೂಡು ಕಟ್ಟಿಕೊಂಡು ವರ್ಷಗಟ್ಟಲೆ ಜೀವಂತವಾಗಿರುತ್ತವೆ. ಅವುಗಳ ಪಾಲಿಗೆ ಆರು ವಾರ ಯಾವ ಲೆಕ್ಕ? ಟಾಕ್ಸೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿಯ ಗೂಡುಗಳೂ ಹಾಗೆಯೇ. ಬ್ರೂಸೆಲ್ಲ ಎಂಬ ಬ್ಯಾಕ್ಟೀರಿಯದ ಸೋಂಕಿರುವ ಹಂದಿ ಮೆಕ್ಕೆಜೋಳ ತಿಂದು ಮೈತುಂಬಿಕೊಂಡು ನೋಡಲು ಪುಷ್ಟವಾಗಿದ್ದರೂ, ಅದರ ಹೊಟ್ಟೆ ಸೀಳುವವನ ಕೈಯ ಗಾಯದ ಮೂಲಕ ಸೋಂಕು ದಾಟುತ್ತದೆ. ಜಂತಿನ ಔಷಧಿಯನ್ನು ಮೇವಿನಲ್ಲಿ ಬೆರೆಸಿದರೆ ಕರುಳಿನ ಹುಳುಗಳು ಹೋಗುತ್ತವೆ ನಿಜ, ಆದರೆ ಸ್ನಾಯುವಿನಲ್ಲಿ ಹುದುಗಿದವು ಹೋಗುತ್ತವೆಂದು ನೆಚ್ಚಿಕೊಳ್ಳುವಂತಿಲ್ಲ. ಯುರೋಪಿನ ಒಕ್ಕೂಟದಲ್ಲಿ ಆಹಾರವಾಗಿ ಮಾರುಕಟ್ಟೆಗೆ ಹೋಗುವ ಕಾಡುಹಂದಿ ಸಾಕಣೆಯದಾಗಲಿ ಬೇಟೆಯದಾಗಲಿ, ಅದರ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ), ನಾಲಿಗೆ ಅಥವಾ ಮುಂಗಾಲಿನ ಸ್ನಾಯುವಿನ ತುಣುಕನ್ನು ಪ್ರಯೋಗಾಲಯದಲ್ಲಿ ಕರಗಿಸಿ ಹುಳುವಿನ ಮರಿಗಳಿಗಾಗಿ ಹುಡುಕುತ್ತಾರೆ. ಸಾಕುಹಂದಿಯಿಂದ ಪರೀಕ್ಷೆಗೆ 1 ಗ್ರಾಂ ಸಾಕಾದರೆ ಕಾಡುಹಂದಿಯಿಂದ 5 ಗ್ರಾಂ ಬೇಕು ಎಂಬ ನಿಯಮವೇ ಇವೆರಡರ ಅಪಾಯದ ಅಂತರವನ್ನು ಹೇಳುತ್ತದೆ.

ಪರೀಕ್ಷೆಯಿಲ್ಲದ ಮಾಂಸಕ್ಕೆ ಬೆಂಕಿಯೇ ಗತಿ. ಒಳಗಿನ ತಿರುಳು 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಉಪ್ಪು ಹಾಕಿ ಒಣಗಿಸುವುದನ್ನು, ಹೊಗೆಯಲ್ಲಿಡುವುದನ್ನು ನಂಬಬೇಡಿ. ಹದಿನೈದು ಸೆಂಟಿಮೀಟರಿಗಿಂತ ತೆಳುವಾದ ತುಂಡುಗಳನ್ನು ಮೈನಸ್ 15 ಡಿಗ್ರಿಯಲ್ಲಿ 20 ದಿನ ಇಟ್ಟರೆ ಸಾಕುಹಂದಿಯ ಹುಳು ಸಾಯುತ್ತದೆ, ಆದರೆ ಶೀತಪ್ರದೇಶದ ಕಾಡುಪ್ರಾಣಿಗಳಲ್ಲಿರುವ ಕೆಲವು ಟ್ರಿಕಿನೆಲ್ಲ ಪ್ರಭೇದಗಳು ಆ ಚಳಿಯನ್ನೂ ಸಹಿಸಿಕೊಳ್ಳುತ್ತವೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಹೊಸಬರ ದೇಶದಲ್ಲಿ ಅವಕಾಶವಿದೆಯೆಂದರೆ ಎಲ್ಲ ಕಡೆ ಇದೆ ಎಂದಲ್ಲ. ಭಾರತದಲ್ಲಿ ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿದೆ, ಅಲ್ಲಿ ಅನುಮತಿಯಿಲ್ಲದೆ ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಹೊಟ್ಟೆಪಾಡು:

ವೈದ್ಯರ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಮೇವು ಬದಲಿಸಿದರೆ ರುಚಿ ಬಿಟ್ಟು ಬೇರೇನೂ ಬದಲಾಗದೆಂಬುದು ಪೂರ್ತಿ ಸರಿಯಲ್ಲ. 1986ರ ಚೆರ್ನೋಬಿಲ್ ಅಣುಸ್ಥಾವರದ ದುರಂತದ ನಂತರ ನಾರ್ವೆಯಲ್ಲಿ ಕುರಿಗಳನ್ನು ಬೆಟ್ಟದಿಂದ ಇಳಿಸಿ ಕೆಲವು ವಾರ ಶುದ್ಧ ಮೇವು ಹಾಕಿ, ಮೈಯಲ್ಲಿದ್ದ ಸೀಸಿಯಂ ಎಂಬ ವಿಕಿರಣ ಸೂಸುವ ವಸ್ತು ಇಳಿದ ಮೇಲೆಯೇ ಕಡಿಯುತ್ತಿದ್ದರು. ಜರ್ಮನಿಯ ಬವೇರಿಯದಲ್ಲಿ ಕಾಡುಹಂದಿಗಳು ನೆಲದಡಿಯ ಒಂದು ಜಾತಿಯ ಅಣಬೆಯನ್ನು ಕೆದಕಿ ತಿನ್ನುವುದರಿಂದ, ಜಿಂಕೆಗಳಲ್ಲಿ ಸೀಸಿಯಂ ಇಳಿದ ಮೇಲೂ ಹಂದಿಗಳಲ್ಲಿ ದಶಕಗಟ್ಟಲೆ ಇಳಿಯಲಿಲ್ಲ. ಅಲ್ಲಿ ಕಿಲೋಗೆ 600 ಬೆಕೆರೆಲ್ (ವಿಕಿರಣದ ಅಳತೆ) ಮಿತಿ ದಾಟಿದ ಮಾಂಸವನ್ನು ಮಾರುವಂತಿಲ್ಲ. ಅಂಥ ಹಂದಿಯನ್ನು ಕೂಡಿಹಾಕಿ ಕಾಳು ತಿನ್ನಿಸಿದರೆ ‘ಕೊಳೆ ಇಳಿಯುವುದು’ ಅಕ್ಷರಶಃ ನಿಜವಾಗುತ್ತದೆಯಲ್ಲವೇ?

ಪಶುವೈದ್ಯ:

ಒಪ್ಪಿದೆ, ಒಳ್ಳೆಯ ಉದಾಹರಣೆ. ಸೀಸಿಯಂ ಮೈಯಿಂದ ತಾನಾಗಿ ಹೊರಹೋಗುವ ವಸ್ತು, ಒಳಬರುವುದನ್ನು ನಿಲ್ಲಿಸಿದರೆ ವಾರಗಳಲ್ಲಿ ಇಳಿಯುತ್ತದೆ. ಹುಳು ಮತ್ತು ಬ್ಯಾಕ್ಟೀರಿಯ ಮೈಯೊಳಗೇ ಬದುಕು ಕಟ್ಟಿಕೊಂಡವು, ಅವು ಮೇವಿನ ಜೊತೆ ಬಂದಿದ್ದರೂ ಮೇವಿನ ಜೊತೆ ಹೋಗುವುದಿಲ್ಲ. ಆ ರೈತರಿಗೆ ಈ ವ್ಯತ್ಯಾಸವನ್ನಷ್ಟೇ ಹೇಳಿ.

ಮೇವಿನ ಮಾತು ಬಂದಿರುವುದರಿಂದ ಇನ್ನೊಂದು ಎಚ್ಚರಿಕೆ. ಹೋಟೆಲಿನ ಮುಸುರೆ, ಎಂಜಲು, ಮಾಂಸದಂಗಡಿಯ ತ್ಯಾಜ್ಯ ಇವು ಎಷ್ಟೇ ಅಗ್ಗವಾಗಿ ಸಿಕ್ಕರೂ ಹಸಿಯಾಗಿ ಹಾಕಬೇಡಿ. 2001ರಲ್ಲಿ ಬ್ರಿಟನ್ನಿನಲ್ಲಿ ಹಬ್ಬಿದ ಕಾಲುಬಾಯಿ ಜ್ವರದ ಮೂಲ, ಬೇಯಿಸದ ಮುಸುರೆ ತಿನ್ನಿಸುತ್ತಿದ್ದ ಒಂದು ಹಂದಿ ಸಾಕಣೆ ಎಂದು ತನಿಖೆ ಹೇಳಿತು. ಅದನ್ನು ತಡೆಯಲು 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. 2007ರಲ್ಲಿ ಆಫ್ರಿಕನ್ ಹಂದಿ ಜ್ವರ ಜಾರ್ಜಿಯ ದೇಶಕ್ಕೆ ಕಾಲಿಟ್ಟದ್ದೂ ಹಡಗಿನಿಂದ ಇಳಿದ ಆಹಾರ ತ್ಯಾಜ್ಯದಿಂದ ಎಂಬ ಅಭಿಪ್ರಾಯ ಬಲವಾಗಿದೆ, ಅಲ್ಲಿಂದ ಅದು ಯುರೋಪಿಗೂ 2018ರಲ್ಲಿ ಚೀನಾಕ್ಕೂ 2020ರಲ್ಲಿ ಭಾರತಕ್ಕೂ ಮುಟ್ಟಿತು. ಆ ಜ್ವರಕ್ಕೆ ಚಿಕಿತ್ಸೆಯಿಲ್ಲ. ಹೆಪ್ಪುಗಟ್ಟಿಸಿದ ಮಾಂಸದಲ್ಲಿ ಆ ವೈರಾಣು ವರ್ಷಗಟ್ಟಲೆ ಉಳಿಯುತ್ತದೆ. ಮುಸುರೆ ಹಾಕಲು ಕಾನೂನು ಬಿಡುವ ಜಾಗಗಳಲ್ಲೂ ಅದನ್ನು ಕನಿಷ್ಠ 90 ಡಿಗ್ರಿಯಲ್ಲಿ ಒಂದು ಗಂಟೆ ಕದಡುತ್ತಾ ಕಾಯಿಸಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಸೌದೆ, ಸಮಯ, ಪಾತ್ರೆಗಳ ಖರ್ಚು ಕೂಡಿಸಿದರೆ ಅದು ಅಗ್ಗದ ಮೇವಾಗಿ ಉಳಿಯುವುದಿಲ್ಲ.

ಬೇಲಿಗಾರ:

ಮೇವಿನ ಬಗ್ಗೆ ಇಷ್ಟು ಮಾತಾಡಿದವರು ಬೇಲಿಯ ಬಗ್ಗೆ ಒಂದಕ್ಷರ ಬರೆದಿಲ್ಲವಲ್ಲ ಎಂದು ಆಶ್ಚರ್ಯವಾಯಿತು. ಬಿಳಿ ಹಂದಿ ತಪ್ಪಿಸಿಕೊಂಡರೆ ಸಂಜೆ ಮೇವಿನ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತದೆ. ಕಾಡುಹಂದಿ ತಪ್ಪಿಸಿಕೊಂಡರೆ ನೀವು ಮುಂದೆ ನೋಡುವುದು ಅದರ ಮೊಮ್ಮಕ್ಕಳನ್ನು.

ಕೆನಡಾದಲ್ಲಿ 1980 ಮತ್ತು 90ರ ದಶಕಗಳಲ್ಲಿ ರೈತರ ಆದಾಯ ಹೆಚ್ಚಲೆಂದು ಕಾಡುಹಂದಿ ಸಾಕಣೆಯನ್ನು ಪ್ರೋತ್ಸಾಹಿಸಿದರು. ಮಾರುಕಟ್ಟೆ ಕುಸಿದಾಗ ಕೆಲವರು ಬಾಗಿಲು ತೆರೆದುಬಿಟ್ಟರು, ಇನ್ನು ಕೆಲವರ ಬೇಲಿ ತಾನೇ ಸೋತಿತು. ಈಗ ಅಲ್ಲಿನ ಹುಲ್ಲುಗಾವಲು ಪ್ರಾಂತ್ಯಗಳ ತುಂಬ ಅವುಗಳ ಸಂತತಿಯಿದೆ. ಆಲ್ಬರ್ಟಾ ಪ್ರಾಂತ್ಯ 2008ರಲ್ಲಿ ಬೇಲಿಯಾಚೆಗಿನ ಕಾಡುಹಂದಿಯನ್ನು ಪೀಡೆಯೆಂದು ಘೋಷಿಸಿತು, ಒಂಟಾರಿಯೊ 2022ರ ಜನವರಿಯಿಂದ ಸಾಕಣೆಯನ್ನೇ ನಿಷೇಧಿಸಿ, ಇದ್ದವರಿಗೆ ಮುಚ್ಚಿಕೊಳ್ಳಲು ಎರಡು ವರ್ಷ ಕೊಟ್ಟಿತು. ಇಂಗ್ಲೆಂಡಿನ ಫಾರೆಸ್ಟ್ ಆಫ್ ಡೀನ್ ಕಾಡಿನಲ್ಲಿ ಇಂದು ಓಡಾಡುವ ಹಂದಿಗಳೂ ಸಾಕಣೆಯಿಂದ ತಪ್ಪಿಸಿಕೊಂಡವುಗಳ ಮತ್ತು ಯಾರೋ ತಂದು ಬಿಟ್ಟವುಗಳ ಸಂತಾನ. ನಿಮ್ಮ ಒಬ್ಬರ ಬೇಲಿ ಸೋತರೆ ಪರವಾನಗಿ ಕಳೆದುಕೊಳ್ಳುವುದು ನಿಮ್ಮಂಥ ಎಲ್ಲರೂ ಎಂಬುದನ್ನು ನೆನಪಿಡಿ.

ಹಂದಿ ಬೇಲಿಯನ್ನು ಹಾರುವುದಕ್ಕಿಂತ ಹೆಚ್ಚಾಗಿ ಮೂತಿಯಿಂದ ಎತ್ತಿ ತೂರುತ್ತದೆ. ನೆಲದ ಮೇಲೆ ಆರಡಿ ಗಟ್ಟಿ ಜಾಲರಿ ಇದ್ದರೂ, ನೆಲದೊಳಗೆ ಒಂದೂವರೆ ಅಡಿ ಹೂಳದಿದ್ದರೆ ಅದಿದ್ದೂ ಇಲ್ಲದಂತೆ. ಒಳಬದಿಯಲ್ಲಿ ಮೂತಿಯ ಎತ್ತರಕ್ಕೆ, ಅಂದರೆ ನೆಲದಿಂದ 20–25 ಸೆಂಟಿಮೀಟರಿಗೆ ಒಂದು ಮತ್ತು 50ಕ್ಕೆ ಇನ್ನೊಂದು ವಿದ್ಯುತ್ ತಂತಿ ಇರಲಿ. ಈ ಕೆಳಗಿನ ತಂತಿಯ ಹತ್ತಿರವೇ ನನಗೆ ಪಾಠವಾದದ್ದು. ಹಂದಿಗಳು ತಂತಿಯ ಪಕ್ಕದಲ್ಲಿ ಕೆದಕುತ್ತಾ ಕೆದಕುತ್ತಾ ಮಣ್ಣಿನ ಗುಪ್ಪೆಯನ್ನು ತಂತಿಯ ಮೇಲೆ ದಬ್ಬಿದ್ದವು. ರಾತ್ರಿ ಮಳೆಯಾಗಿ ಆ ಹಸಿಮಣ್ಣಿನ ಮೂಲಕ ವಿದ್ಯುತ್ತೆಲ್ಲ ನೆಲಕ್ಕೆ ಇಳಿದುಹೋಗಿ, ಬೆಳಿಗ್ಗೆ ಮೀಟರಿನಲ್ಲಿ ಸೊನ್ನೆ ತೋರಿಸುತ್ತಿತ್ತು. ನಾನು ಪುಣ್ಯವಂತ, ಅವಕ್ಕೆ ಇನ್ನೂ ಗೊತ್ತಾಗಿರಲಿಲ್ಲ. ಅಂದಿನಿಂದ ದಿನಕ್ಕೊಮ್ಮೆ ಸಲಿಕೆ ಹಿಡಿದು ಬೇಲಿ ಸುತ್ತುವುದನ್ನು ತಪ್ಪಿಸಿಲ್ಲ.

ಪಶುವೈದ್ಯ:

ಸುತ್ತಮುತ್ತ ಕಾಡಿನ ಹಂದಿಗಳಿದ್ದರೆ ಒಂದು ಬೇಲಿ ಸಾಲದು, ನಡುವೆ ಅಂತರವಿಟ್ಟು ಎರಡು ಬೇಲಿ ಬೇಕು. ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಹೊರಗಿನ ಗಂಡು ಬಂದೇ ಬರುತ್ತದೆ. ಜಾಲರಿಯ ಎರಡು ಕಡೆಯಿಂದ ಮೂತಿಗೆ ಮೂತಿ ತಾಗಿದರೂ ಸಾಕು, ರೋಗ ದಾಟುತ್ತದೆ.

ಹೊಸಬ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಹಿಡಿದು ತಿನ್ನಿಸುವ ವಿಚಾರವನ್ನು ಕೈಬಿಟ್ಟಿದ್ದೇನೆ. ಇನ್ನೆರಡು ಅನುಮಾನಗಳಿವೆ. ಬಿಳಿ ಹಂದಿಯ ಮರಿಗಳಿಗೆ ಮೂರನೆಯ ದಿನ ಕಬ್ಬಿಣದ ಚುಚ್ಚುಮದ್ದು ಕೊಡುತ್ತೇನೆ, ಇವುಗಳಿಗೂ ಕೊಡಬೇಕೇ? ವರ್ಷಕ್ಕೆ ಎರಡು ಸೂಲು ಎಂದು ಲೆಕ್ಕ ಹಿಡಿಯಬಹುದೇ?

ಹಳೆಯ ಸಾಕಣೆದಾರ:

ಎರಡು ಸೂಲಿನ ಲೆಕ್ಕವನ್ನು ಕಾಗದದಿಂದ ಅಳಿಸಿಬಿಡಿ. ಗಬ್ಬದ ಅವಧಿ ಸಾಕುಹಂದಿಯಷ್ಟೇ, ಹತ್ತಿರ ಹತ್ತಿರ 115 ದಿನ. ಆದರೆ ಕಾಡುಹಂದಿ ಋತುವನ್ನು ನೋಡಿ ಬೆದೆಗೆ ಬರುವ ಪ್ರಾಣಿ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸೂಲು. ಒಂದು ಸೂಲಿಗೆ ನಾಲ್ಕರಿಂದ ಆರು ಮರಿ. ನಿಮ್ಮ ಐದು ಹೆಣ್ಣುಗಳಿಂದ ವರ್ಷಕ್ಕೆ ಇಪ್ಪತ್ತು ಮರಿ ದೊಡ್ಡಿ ದಾಟಿ ಮಾರುವ ತೂಕ ಮುಟ್ಟಿದರೆ ನೀವು ಜಾಣರು.

ಕಬ್ಬಿಣದ ಚುಚ್ಚುಮದ್ದು ಬೇಕಾಗುವುದು ಸಿಮೆಂಟ್ ನೆಲದ ಮೇಲೆ ಹುಟ್ಟಿದ ಮರಿಗೆ. ಬಯಲಿನಲ್ಲಿ ಹುಟ್ಟಿದ್ದು ಮೊದಲ ವಾರದಿಂದಲೇ ಮಣ್ಣು ಕೆದಕಿ ನೆಕ್ಕಿ ತನಗೆ ಬೇಕಾದ ಕಬ್ಬಿಣವನ್ನು ಪಡೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೂರನೆಯ ದಿನ ಚುಚ್ಚಲು ನಿಮ್ಮನ್ನು ಹತ್ತಿರ ಬಿಡುವವರು ಯಾರು?

ನನ್ನ ಮೊದಲ ವರ್ಷದ ಸಂಗತಿ ಹೇಳುತ್ತೇನೆ. ಈಯುವ ಹಿಂದಿನ ದಿನ ತಾಯಿಹಂದಿ ಹಿಂಡು ಬಿಟ್ಟು ಮೂಲೆಗೆ ಸರಿಯಿತು. ನಾನು ಚೊಕ್ಕವಾದ ತಗಡಿನ ಗೂಡು ಮಾಡಿಸಿ ಹುಲ್ಲು ಹಾಸಿಟ್ಟಿದ್ದೆ, ಅದರ ಒಳಗೆ ಕಾಲಿಡಲಿಲ್ಲ. ಹುಲ್ಲನ್ನು ಮಾತ್ರ ಬಾಯ್ತುಂಬ ಕಚ್ಚಿಕೊಂಡು ಮೂವತ್ತು ನಲವತ್ತು ಸಲ ಓಡಾಡಿ ಒಂದು ಪೊದೆಯ ಕೆಳಗೆ ಒಯ್ದು ಹಾಕಿತು, ಮೇಲೆ ಎಲೆಯಿರುವ ಕೊಂಬೆಗಳನ್ನು ಮುರಿದು ತಂದು ಒಂದೇ ದಿಕ್ಕಿಗೆ ಜೋಡಿಸಿತು, ಕೊನೆಗೆ ಮೂತಿಯಿಂದ ಆ ರಾಶಿಯನ್ನು ಎತ್ತಿ ಅದರಡಿಗೆ ತೂರಿಕೊಂಡಿತು. ಹೊರಗಿನಿಂದ ನೋಡಿದರೆ ಒಳಗೆ ಹಂದಿ ಇದೆಯೆಂದೇ ಗೊತ್ತಾಗದು. ಎರಡನೆಯ ದಿನ ಮರಿ ಎಣಿಸುವ ಆತುರದಲ್ಲಿ ನಾನು ಕೊಂಬೆ ಸರಿಸಿದೆ. ಬೆನ್ನ ಮೇಲೆ ಪಟ್ಟೆಯಿರುವ ಐದು ಮರಿಗಳು ಕಂಡವು. ತಾಯಿ ಎದ್ದು ನಿಂತು ಹಲ್ಲು ಕಟಕಟಿಸಿದ್ದೇ ನಾನು ಬಕೆಟ್ ಅಲ್ಲೇ ಬಿಟ್ಟು ಓಡಿ ಬೇಲಿ ಹತ್ತಿದೆ. ಮರುದಿನ ಅದು ಗೂಡನ್ನು ಬೇರೆ ಕಡೆಗೆ ಸಾಗಿಸಿತ್ತು, ಎರಡು ಮರಿ ಹಳೆಯ ಗೂಡಿನಲ್ಲೇ ಸತ್ತಿದ್ದವು. ಅವು ಸತ್ತದ್ದು ನನ್ನ ಆತುರದಿಂದ. ತಾಯಿ ತಾನಾಗಿ ಮರಿಗಳನ್ನು ಹಿಂಡಿಗೆ ಕರೆತರುವ ತನಕ, ಒಂದು ವಾರವೋ ಎರಡು ವಾರವೋ, ಆ ಕಡೆ ತಲೆ ಹಾಕಬೇಡಿ. ನೀರು ಮತ್ತು ಮೇವು ಮಾತ್ರ ದೂರದಲ್ಲಿ ಸಿಗುವಂತಿರಲಿ.

ನೀರೆಂದಾಗ ನೆನಪಾಯಿತು: ಕುಡಿಯುವ ನೀರು ಬೇರೆ, ಹೊರಳುವ ಕೆಸರು ಬೇರೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗದು, ಕೆಸರಿನ ಹೊಂಡವಿಲ್ಲದಿದ್ದರೆ ಕುಡಿಯುವ ತೊಟ್ಟಿಯನ್ನೇ ಹೊಂಡ ಮಾಡಿಕೊಳ್ಳುತ್ತದೆ. ಕುಡಿಯುವ ನೀರು ಒಂದೆರಡು ದಿನ ತಪ್ಪಿದರೆ ಮೇವಿನಲ್ಲಿರುವ ಮಾಮೂಲಿ ಉಪ್ಪೇ ತಲೆಗೇರಿ ಹಂದಿ ವಾಲಾಡಿ ಬೀಳುತ್ತದೆ.

ಪಶುವೈದ್ಯ:

ಬಯಲಿನ ಮಣ್ಣಿನಿಂದ ಕಬ್ಬಿಣ ಸಿಗುವಂತೆ ಹುಳುವೂ ಸಿಗುತ್ತದೆ. ಹಂದಿಯ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ, ಅದರ ಮರಿಗಳು ಹಾದುಹೋದ ಪಿತ್ತಜನಕಾಂಗದ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆಗಳು ಉಳಿಯುತ್ತವೆ. ಶ್ವಾಸಕೋಶದ ಹುಳು ಎರೆಹುಳುವಿನ ಮೂಲಕ ಬರುತ್ತದೆ; ಹಂದಿ ನೆಲ ಕೆದಕಿ ಎರೆಹುಳು ತಿನ್ನುವುದನ್ನು ಬಿಡಿಸಲು ಬ್ರಹ್ಮನಿಂದಲೂ ಆಗದು. ಆದ್ದರಿಂದ ನೆಲವನ್ನು ಮೂರು ನಾಲ್ಕು ಭಾಗ ಮಾಡಿ ಸರದಿಯ ಮೇಲೆ ಬಿಡಿ, ಸಗಣಿ ಪರೀಕ್ಷೆ ಮಾಡಿಸಿ ಔಷಧಿ ಕೊಡಿ, ಮತ್ತು ಔಷಧಿ ಕೊಟ್ಟ ನಂತರ ಎಷ್ಟು ದಿನ ಕಡಿಯಬಾರದೆಂದು ಚೀಟಿಯ ಮೇಲೆ ಬರೆದಿರುವುದನ್ನು ಪಾಲಿಸಿ.

ಹೊಟ್ಟೆಪಾಡು:

ಒಂದೂವರೆ ವರ್ಷ ಕಾಯುವ ಬದಲು ಬೆರಕೆ ತಳಿ ಏಕೆ ಮಾಡಬಾರದು? ಪಶ್ಚಿಮ ಯುರೋಪಿನ ಕಾಡುಹಂದಿಗೆ 36 ವರ್ಣತಂತುಗಳು, ಸಾಕುಹಂದಿಗೆ 38. ಬೆರಕೆ ಮರಿಗೆ 37 ಬಂದರೂ ಅದು ಬಂಜೆಯಾಗುವುದಿಲ್ಲ. ಬೇಗ ಬೆಳೆಯುತ್ತದೆ, ಮರಿಯೂ ಹೆಚ್ಚು.

ಬೇಲಿಗಾರ:

ಬೇಲಿ ಹಾರಿದ ದಿನ ಆ ‘ಮರಿಯೂ ಹೆಚ್ಚು’ ಎಂಬುದೇ ಶಾಪವಾಗುತ್ತದೆ. ಕೆನಡಾದಲ್ಲಿ ಹಬ್ಬಿರುವವುಗಳಲ್ಲಿ ಬೆರಕೆಗಳೂ ಇವೆ: ಕಾಡಿನದರ ಚಳಿ ತಡೆಯುವ ಮೈ, ಸಾಕಿದ್ದರ ಸಂತಾನಶಕ್ತಿ.

ಹಳೆಯ ಸಾಕಣೆದಾರ:

ಬೆರಕೆಯನ್ನು ಕಾಡುಹಂದಿಯೆಂದು ಮಾರಿದರೆ ಅದು ಮೋಸ, ಬೆರಕೆಯೆಂದು ಹೇಳಿ ಮಾರಿದರೆ ಆ ಬೆಲೆ ಸಿಗದು. ನಾನು ಆ ದಾರಿಗೆ ಹೋಗಿಲ್ಲ.

ಕಸಾಯಿಮನೆ:

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯುತ್ತೇನೆ. ಒಂದೂವರೆ ವರ್ಷ ಸರಿಯಾಗಿ ಮೇವು ಹಾಕಿ ಬೆಳೆಸಿದ ಮಾಂಸವನ್ನು ಕೊನೆಯ ಎರಡು ಗಂಟೆಯಲ್ಲಿ ಹಾಳು ಮಾಡಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಒಮ್ಮೆ ನಾಲ್ಕು ಹಂದಿಗಳನ್ನು ಅಟ್ಟಾಡಿಸಿ ಲಾರಿಗೆ ತುಂಬಿ ನಮ್ಮಲ್ಲಿಗೆ ತಂದರು. ಮೈಮೇಲೆ ಗಾಯ, ಬಾಯಲ್ಲಿ ನೊರೆ. ಕಡಿದು ನೇತುಹಾಕಿದ ಮರುದಿನ ತೊಡೆಯ ಮಾಂಸಕ್ಕೆ ಚಾಕು ಹಾಕಿದರೆ ಕಪ್ಪಗೆ, ಒಣಗಿ, ಬೆರಳಿಗೆ ಅಂಟುತ್ತಿತ್ತು. ಬೆದರಿ ಓಡಿದ ಪ್ರಾಣಿಯ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯಂಶ ಖರ್ಚಾಗಿಹೋಗುತ್ತದೆ. ಸತ್ತ ಮೇಲೆ ಆಮ್ಲವಾಗಲು ಏನೂ ಉಳಿದಿರುವುದಿಲ್ಲ. ಒಂದು ದಿನದ ನಂತರ ಮಾಂಸದ ಪಿಎಚ್ (ಆಮ್ಲದ ಅಳತೆ, ಆಮ್ಲ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 5.5ರಿಂದ 5.8ರ ನಡುವೆ ಇಳಿದಿರಬೇಕು. ಅಂದು 6.4 ಇತ್ತು. ಅಂಥ ಮಾಂಸ ಬೇಗ ಕೆಡುತ್ತದೆ. ಕಾಡುಹಂದಿಯ ಮಾಂಸ ಸಹಜವಾಗಿಯೇ ಕಡುಗೆಂಪಾದ್ದರಿಂದ ಕೊಳ್ಳುವವರು ಬಣ್ಣ ನೋಡಿ ಮೋಸಹೋಗುತ್ತಾರೆ.

ಕಾನೂನು ಒಪ್ಪುವ ದೇಶಗಳಲ್ಲಿ, ವೈದ್ಯರ ತಪಾಸಣೆಯ ನಂತರ, ಹಂದಿ ತನ್ನ ಬಯಲಿನಲ್ಲೇ ಮೇವಿನ ಸಾಲಿನಲ್ಲಿ ತಲೆ ಬಗ್ಗಿಸಿ ತಿನ್ನುತ್ತಿರುವಾಗ ಪಳಗಿದ ಕೈ ಒಂದೇ ಗುಂಡಿನಲ್ಲಿ ಕೆಡಹುವುದು ಎಲ್ಲಕ್ಕಿಂತ ಒಳ್ಳೆಯದು. ಪಕ್ಕದಲ್ಲಿದ್ದವು ಬೆಚ್ಚಿ ತಲೆಯೆತ್ತಿ, ಅರೆಗಳಿಗೆಯ ನಂತರ ಮತ್ತೆ ತಿನ್ನತೊಡಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಗಂಡುಹಂದಿಯ ನಾತದ ಬಗ್ಗೆಯೂ ಹೇಳಬೇಕು. ಅದರಲ್ಲಿ ಎರಡು ಬಗೆ. ಸ್ಕಟೋಲ್ ಎಂಬುದು ಕರುಳಿನಲ್ಲಿ ಹುಟ್ಟುವಂಥದ್ದು, ನಾರಿನಂಶವಿರುವ ಮೇವು ಮತ್ತು ಒಣನೆಲದಿಂದ ಕಡಿಮೆಯಾಗುತ್ತದೆ. ಆಂಡ್ರೋಸ್ಟಿನೋನ್ ಎಂಬುದು ಬೀಜದಲ್ಲಿ ಹುಟ್ಟುವಂಥದ್ದು, ಅದಕ್ಕೆ ಯಾವ ಮೇವೂ ಮದ್ದಲ್ಲ. ಚಿಕ್ಕಂದಿನಲ್ಲೇ ವೈದ್ಯರಿಂದ ಬೀಜ ತೆಗೆಸಿ, ಇಲ್ಲವೇ ಬಲಿಯುವ ಮೊದಲೇ ಕಡಿಯಿರಿ. ಬೆದೆಯ ಕಾಲದಲ್ಲಿ ದೊಡ್ಡ ಗಂಡನ್ನು ಕಡಿದವರು ಹಂಡೆಯ ಮುಚ್ಚಳ ತೆಗೆದಾಗ ಪಶ್ಚಾತ್ತಾಪಪಡುತ್ತಾರೆ.

ಹೊಸಬ:

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಹಂದಿ ತರುವುದನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿ, ಮೊದಲು ಎರಡು ಸುತ್ತಿನ ಬೇಲಿ ಮತ್ತು ಹಿಡಿಯುವ ದೊಡ್ಡಿಯನ್ನು ಮುಗಿಸುತ್ತೇನೆ. ಹಿಡಿದು ತಿನ್ನಿಸುವ ಆ ರೈತರಿಗೆ ವೈದ್ಯರ ಮಾತನ್ನು ತೋರಿಸಿದೆ. ಇಷ್ಟು ವರ್ಷ ತಿಂದು ನಮಗೇನಾಗಿದೆ ಎಂದು ನಕ್ಕರು. ಆದರೂ ಈ ಸಲ ಕಡಿದಾಗ ವಪೆಯ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಲು ಒಪ್ಪಿದ್ದಾರೆ, ಅದರ ಖರ್ಚು ನನ್ನದು.

ಕೊನೆಯದಾಗಿ ಬೇಲಿಗಾರರಿಗೊಂದು ಪ್ರಶ್ನೆ: ಹಿಡಿಯುವ ದೊಡ್ಡಿಯ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ?

ಬೇಲಿಗಾರ:

ಒಳಕ್ಕೆ. ಒಳಗಿನಿಂದ ಹಂದಿ ನುಗ್ಗಿದಷ್ಟೂ ಬಾಗಿಲು ಚೌಕಟ್ಟಿಗೆ ಒತ್ತಿಕೊಂಡು ಮುಚ್ಚಿಯೇ ಇರುತ್ತದೆ, ಹೊರಕ್ಕೆ ತೆರೆಯುವಂತಿದ್ದರೆ ಪೂರ್ತಿ ಭಾರ ಚಿಲಕದ ಮೇಲೆ ಬೀಳುತ್ತದೆ. ಮೇಲಿನ ತಿರುಗಣಿಯ ಕೊಂಡಿಯನ್ನು ತಲೆಕೆಳಗಾಗಿ ಹಾಕಿಸಿ. ಎರಡೂ ಕೊಂಡಿ ಮೇಲ್ಮುಖವಾಗಿದ್ದರೆ ಹಂದಿ ಬಾಗಿಲಿನಡಿ ಮೂತಿ ತೂರಿಸಿ ಇಡೀ ಬಾಗಿಲನ್ನೇ ಎತ್ತಿ ಕಳಚಿಹಾಕುತ್ತದೆ.